ಮುಚ್ಚಳ ಟಕ್ ಅನ್ನುವವರೆಗೆ

ನನಗೊಂದು ಚಾಳಿ ಇದೆ. ತಗಡಿನ ಮುಚ್ಚಳ ಕಂಡರೆ ಸಾಕು, ಬಲಗೈ ಹೆಬ್ಬೆರಳು ತಾನಾಗಿ ಹೋಗಿ ಅದರ ನಡುವೆ ಒತ್ತಿಬಿಡುತ್ತದೆ. ಜಕ್ಕೂರಿನ ಹಳೇ ಊರಿನ ಒಳಗೆ ನನ್ನದೊಂದು ಸಣ್ಣ ಪ್ರಾವಿಷನ್ ಅಂಗಡಿ. ಅಲ್ಲಿ ಮುಚ್ಚಳಗಳಿಗೇನು ಬರ? ಸಾಸು, ಉಪ್ಪಿನಕಾಯಿ, ಜೇನುತುಪ್ಪ, ಜಾಮು, ಎಲ್ಲ ಸಾಲಾಗಿ ನಿಂತಿರುತ್ತವೆ. ಗಿರಾಕಿ ಇಲ್ಲದ ಮಧ್ಯಾಹ್ನ ಒಂದು ತುದಿಯಿಂದ ಒತ್ತುತ್ತಾ ಹೋಗುತ್ತೇನೆ. ಕದಲದೆ ಗಟ್ಟಿಯಾಗಿ ಕೂತಿದ್ದರೆ ಒಳಗಿನ ಮಾಲು ಚೆನ್ನಾಗಿದೆ ಎಂದರ್ಥ. ಒತ್ತಿದಾಗ ತಗ್ಗಿ, ಬಿಟ್ಟಾಗ ಉಬ್ಬಿದರೆ ಎಲ್ಲೋ ಗಾಳಿ ಹೊಕ್ಕಿದೆ.

"ಅದೇನ್ರೀ ಅದು, ಕಾಲಿಂಗ್ ಬೆಲ್ ಥರ ಒತ್ತುತಾನೇ ಇರ್ತೀರಾ? ಒಳಗಿಂದ ಯಾರಾದ್ರೂ ಬಂದು ಬಾಗಿಲು ತೆಗೀತಾರಾ?" ಎನ್ನುತ್ತಾಳೆ ಹೆಂಡತಿ ಮಂಜುಳಾ.

ನಕ್ಕು ಸುಮ್ಮನಾಗುತ್ತೇನೆ. ಆದರೆ ನಿಮ್ಮಲ್ಲಿ ಮುಚ್ಚಿಡುವುದೇಕೆ? ಈ ಹೆಬ್ಬೆರಳು ಒಂದು ದಿನ ಮಾಡಬಾರದ್ದನ್ನು ಮಾಡಿತು. ಅದರಿಂದ ನನ್ನ ಅಕ್ಕ ಜಾಮ್ ಮಾಡುವುದನ್ನೇ ಬಿಟ್ಟಳು. ತನ್ನ ಕೈಯೇ ಕೆಟ್ಟುಹೋಯಿತು ಎಂದು ಅವಳು ನಂಬಿಕೊಂಡಳು. ಹಾಗಲ್ಲ ಎಂಬುದು ಗೊತ್ತಿದ್ದವನು ನಾನೊಬ್ಬನೇ, ನಾನು ಬಾಯಿ ಬಿಡಲಿಲ್ಲ. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಅಕ್ಕನ ಜಾಮ್ ಎಂಥದೆಂದು ತಿಳಿಯದೆ ನನ್ನ ತಪ್ಪು ಎಷ್ಟು ದೊಡ್ಡದೆಂದು ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಜಾಮಿಗೆ ಬರೋಣ.

ಜಯಕ್ಕ ನನಗಿಂತ ಬಹಳ ದೊಡ್ಡವಳು. ಅಮ್ಮ ಹಗಲೆಲ್ಲ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಿದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಈಗ ದೊಡ್ಡ ಗೇಟಿನ ಅಪಾರ್ಟ್‌ಮೆಂಟು ನಿಂತಿದೆಯಲ್ಲ, ಆ ಜಾಗದಲ್ಲಿ ಆಗ ಕಲ್ಲಿನ ಕಂಬ, ತಂತಿಯ ಚಪ್ಪರ, ಚಪ್ಪರದ ತುಂಬ ಕಪ್ಪು ದ್ರಾಕ್ಷಿ ಇತ್ತು. ನಮ್ಮ ಕಡೆಯ ದ್ರಾಕ್ಷಿ ಎಂದರೆ ಗುಂಡಗೆ, ಬೀಜ ಇರುವ, ಹುಳಿ ಸಿಹಿ ಎರಡೂ ಇರುವ ದ್ರಾಕ್ಷಿ. ಸಿಪ್ಪೆ ದಪ್ಪ. ಬಾಯಿಗಿಟ್ಟು ಹಿಚುಕಿದರೆ ತಿರುಳು ಜಾರಿ ಗಂಟಲಿಗೆ, ಸಿಪ್ಪೆ ನಾಲಿಗೆಯ ಮೇಲೆ. ಕೊಯ್ಲು ಮುಗಿದ ಮೇಲೆ ಬಳ್ಳಿಯಲ್ಲಿ ಉಳಿದ ಬಿಡಿ ಗೊಂಚಲುಗಳನ್ನು ಕಿತ್ತುಕೊಳ್ಳಲು ತೋಟದವರು ಕೆಲಸದ ಹೆಂಗಸರಿಗೆ ಬಿಡುತ್ತಿದ್ದರು. ಅಮ್ಮ ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಿದ್ದ ಆ ಅಳಿದುಳಿದ ಹಣ್ಣೇ ನಮ್ಮ ಜಾಮಿನ ಮೂಲ.

ಹಣ್ಣು ಹಿಚುಕುವ ಕೆಲಸ ನನ್ನದು. ಹಿಚುಕಿದ ಮರುದಿನ ಬೆರಳೆಲ್ಲ ನೀಲಿ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಒಮ್ಮೆ ನನ್ನ ಕೈ ಹಿಡಿದೆತ್ತಿ ಇಡೀ ತರಗತಿಗೆ ತೋರಿಸಿ, "ನೋಡ್ರೋ, ಕೈಗೆಲ್ಲ ಶಾಯಿ ಆಗೋ ಹಂಗೆ ಬರೆದಿದ್ದಾನೆ. ನೀವೂ ಇದೀರ!" ಎಂದರು. ನಾನು ಅದು ದ್ರಾಕ್ಷಿ ಎಂದು ಹೇಳಲಿಲ್ಲ. ಶಾಲೆ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಆ ಶಾಯಿಯ ಬಣ್ಣ ಬಯಲಾಗಿ ನಾನೂ ವಿದ್ಯೆಯೂ ದೂರವಾದೆವು. ಸುಮ್ಮನಿದ್ದು ಹೊಗಳಿಕೆ ಹೊಡೆದುಕೊಳ್ಳುವ ಕಲೆ ಮಾತ್ರ ಅಂದಿನಿಂದಲೇ ಇತ್ತು ಎಂದು ಈಗ ಅನ್ನಿಸುತ್ತದೆ.

ಅಕ್ಕ ಜಾಮ್ ಕಲಿತದ್ದು ಯಶವಂತಪುರದ ಹಿಂಬದಿಯಲ್ಲಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ. ಅವಳದು ಕೊನೆಯ ಮೇಜಿನ ಕೆಲಸ. ತುಂಬಿ ಬಂದ ಬಾಟಲಿಗಳ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುವುದು. ದಿನವಿಡೀ ಮುಚ್ಚಳ ನೋಡಿದವಳು ಮುಚ್ಚಳದ ಕೆಳಗೇನಿದೆ ಎಂದು ಕೇಳದೆ ಇರುತ್ತಾಳೆಯೇ? ಅಡುಗೆ ಮಾಡುವವರ ಹಿಂದೆ ನಿಂತು, ಟೀ ಬಿಡುವಿನಲ್ಲಿ ಅವರನ್ನು ಮಾತಿಗೆಳೆದು, ಒಂದೊಂದೇ ಗುಟ್ಟು ಹೊತ್ತು ತಂದಳು. ಅಲ್ಲಿ ಕಳಪೆ ಎಂದು ತೆಗೆದಿಟ್ಟ ಬಾಟಲಿಗಳನ್ನು ಕೇಳಿ ತಂದಳು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಅಕ್ಕನ ಒಲೆ ಮಾತ್ರ ಆರಲಿಲ್ಲ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ನನ್ ಕೈಯೆಲ್ಲ ಸಕ್ಕರೆ ಅಂಟು. ಇಡಿದ್ರೆ ಬಿಡಿಸ್ಕಳಕ್ಕಾಗಕ್ಕಿಲ್ಲ ಅಂತ ಗಂಡುಗಳು ಎದ್ರುಕೊಂಡ್ವು." ಈಗ ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದಾಳೆ. ಕೆಳಗೆ ನಾನು, ಮಂಜುಳಾ, ಮುಂದುಗಡೆ ಅಂಗಡಿ. ಅಡುಗೆಮನೆ ಎಲ್ಲರಿಗೂ ಒಂದೇ.

ಅವಳು ಜಾಮ್ ಮಾಡುವುದನ್ನು ನೀವು ನೋಡಬೇಕಿತ್ತು. ಹಣ್ಣನ್ನು ಉಪ್ಪುನೀರಲ್ಲಿ ತೊಳೆದು ಹಳೆಯ ಹತ್ತಿ ಸೀರೆಯ ಮೇಲೆ ಹರಡುತ್ತಾಳೆ. ಆರಿದ ಮೇಲೆ ಹಿಚುಕುವುದು. ತೊಟ್ಟು ಬಿಟ್ಟ ಕಡೆಯನ್ನು ಪಾತ್ರೆಗೆ ತಿರುಗಿಸಿ ಹಿಂದಿನಿಂದ ಒಂದು ಅಮುಕು ಕೊಟ್ಟರೆ ತಿರುಳು ಪುಳಕ್ಕನೆ ಒಳಗೆ, ಸಿಪ್ಪೆ ಬೆರಳಲ್ಲಿ. ತಿರುಳು ಒಂದು ಪಾತ್ರೆಗೆ, ಸಿಪ್ಪೆ ಒಂದಕ್ಕೆ. ತಿರುಳನ್ನಷ್ಟೇ ಮೊದಲು ಬೇಯಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆಯುತ್ತಾಳೆ. ಆಗ ಅದನ್ನು ನೋಡಿದರೆ ಯಾರಿಗೂ ಆಸೆಯಾಗುವುದಿಲ್ಲ, ಕಾಯಿಲೆಯವರಿಗೆ ಕೊಡುವ ಗಂಜಿಯ ಹಾಗಿರುತ್ತದೆ. ಆಮೇಲೆ ಸಿಪ್ಪೆ ಸುರಿಯುತ್ತಾಳೆ. ಆ ಗಂಜಿ ಕಣ್ಣೆದುರಿಗೇ ಕೆಂಪಾಗಿ, ಕೆಂಪು ನೀಲಿಯಾಗಿ, ನೀಲಿ ಕಪ್ಪಿಗೆ ತಿರುಗುವುದನ್ನು ಚಿಕ್ಕಂದಿನಿಂದ ನೋಡುತ್ತಿದ್ದೇನೆ, ಇನ್ನೂ ಬೇಜಾರಾಗಿಲ್ಲ.

ಸಕ್ಕರೆ, ನಿಂಬೆರಸ ಬಿದ್ದ ಮೇಲೆ ಅಕ್ಕ ಯಾರ ಮಾತಿಗೂ ಸಿಗುವುದಿಲ್ಲ. ಅವಳು ಜಾಮನ್ನು ಕಣ್ಣಿಂದ ನೋಡಿ ಇಳಿಸಿದವಳಲ್ಲ, ಕೇಳಿ ಇಳಿಸಿದವಳು. ಮೊದಮೊದಲು ಅದು ನೀರಿನಂತೆ ಗಲಗಲ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಲೊಚಲೊಚ. ಕೊನೆಗೆ ದಪ್ಪಗೆ, ನಿಧಾನಕ್ಕೆ, ಪೊತ್, ಪೊತ್. "ಈಗ ಮಾತಾಡ್ತಾ ಐತೆ, ತಡಿ, ಮುಗಿಸ್ಲಿ" ಎನ್ನುವಳು. ಪೊತ್ ಶುರುವಾದಾಗ ತಣ್ಣಗಿನ ಸ್ಟೀಲ್ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು ಬೆರಳಿಂದ ದೂಡುವಳು. ಮೇಲೆ ಸುಕ್ಕುಗಟ್ಟಿದರೆ ಆಯಿತು, ಒಲೆ ಆರಿಸಬೇಕು. ಮೇಲೆ ತೇಲಿದ ನೊರೆಯನ್ನು ಬಟ್ಟಲಿಗೆ ತೆಗೆದು ನನ್ನ ಮುಂದೆ ತಳ್ಳುತ್ತಿದ್ದಳು. ಆ ಬೆಚ್ಚನೆ ನೊರೆಯನ್ನು ಬೆರಳಲ್ಲಿ ನೆಕ್ಕಿದವನಿಗೆ ಪ್ರಪಂಚದ ಯಾವ ಐಸ್ ಕ್ರೀಮೂ ಸಾಟಿಯಲ್ಲ. ಈಗಲೂ ಅದು ನನ್ನದೇ ಪಾಲು. ತಲೆ ನರೆತ ಗಂಡಸು ಬಟ್ಟಲು ನೆಕ್ಕುವುದು ನೋಡಲು ಚೆಂದವಲ್ಲ ಎಂದು ಮಂಜುಳಾ ಆ ಹೊತ್ತಿಗೆ ಅಡುಗೆಮನೆ ಬಾಗಿಲು ಹಾಕುತ್ತಾಳೆ.

ಬಾಟಲಿ ತುಂಬುವುದು ಇನ್ನೊಂದು ವಿದ್ಯೆ. ಬಾಟಲಿಗಳೂ ಮುಚ್ಚಳಗಳೂ ಆಗಲೇ ಕುದಿಯುವ ನೀರಲ್ಲಿ ಮಿಂದು ಕಾದಿರುತ್ತವೆ. ಬಿಸಿ ಬಾಟಲಿಗೆ ಬಿಸಿ ಜಾಮ್. ಬರಿ ಕಲ್ಲಿನ ಮೇಲೆ ಇಟ್ಟರೆ ಗಾಜು ಸೀಳುತ್ತದೆ, ಅದಕ್ಕೇ ಮಡಿಸಿದ ಟವೆಲ್ಲಿನ ಮೇಲೆ ಇಡಬೇಕು. ಬಾಯಂಚು ಒರೆಸಿ, ಮುಚ್ಚಳ ತಿರುಗಿಸಿ, ಸ್ವಲ್ಪ ಹೊತ್ತು ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ನಿಲ್ಲಿಸಬೇಕು. ಅಲ್ಲಿಗೆ ಮನುಷ್ಯರ ಕೆಲಸ ಮುಗಿಯಿತು. ಆಮೇಲೆ ಕಾಯುವುದು.

ಆರುತ್ತಾ ಬಂದ ಹಾಗೆ ಒಳಗಿನ ಬಿಸಿಗಾಳಿ ಕುಗ್ಗಿ ಮುಚ್ಚಳವನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಎಳೆದುಕೊಂಡಾಗ ಮುಚ್ಚಳದ ನಡುವಿನ ಉಬ್ಬು ತಗ್ಗಾಗಿ ಒಂದು ಸದ್ದು ಬರುತ್ತದೆ: ಟಕ್. ಗಾಳಿಗೆ ದಾರಿ ಮುಚ್ಚಿತು, ಇನ್ನು ಆ ಜಾಮ್ ಮುಂದಿನ ದ್ರಾಕ್ಷಿ ಬರುವವರೆಗೂ ಕೆಡುವುದಿಲ್ಲ ಎಂದು ಬಾಟಲಿಯೇ ಕೊಡುವ ಮಾತು ಅದು. ನಮ್ಮ ಮನೆಯಲ್ಲಿ ಆ ಹೊತ್ತು ಯಾರೂ ಮಾತಾಡುವಂತಿರಲಿಲ್ಲ. ಪಾತ್ರೆ ತೊಳೆಯುವಂತಿರಲಿಲ್ಲ. ಜಕ್ಕೂರಿನ ವಿಮಾನ ತರಬೇತಿ ಮೈದಾನದಿಂದ ಮೇಲೆದ್ದ ಸಣ್ಣ ವಿಮಾನವೊಂದು ಮನೆ ಮೇಲೆ ಗುಂಯ್‌ಗುಟ್ಟುತ್ತಾ ಹೋದರೆ ಅಕ್ಕ ಟ್ರಾಫಿಕ್ ಪೊಲೀಸನ ಹಾಗೆ ಆಕಾಶದ ಕಡೆ ಕೈ ತೋರಿಸುತ್ತಿದ್ದಳು. ವಿಮಾನ ನಿಲ್ಲುತ್ತಿರಲಿಲ್ಲ, ನಾವು ನಿಲ್ಲುತ್ತಿದ್ದೆವು.

ಇನ್ನೊಂದು ನಿಯಮವಿತ್ತು, ಅದು ಅಕ್ಕನದೇ. ಟಕ್ ಅಂದ ಬಾಟಲಿ ಹೊರಗಿನವರಿಗೆ, ನೆಂಟರಿಗೆ, ಬೀದಿಯವರಿಗೆ. ಅನ್ನದ್ದು ಮನೆಗೆ. ಅದನ್ನು ಇಡುವಂತಿಲ್ಲ, ಕೂಡಲೇ ತಿಂದು ಮುಗಿಸಬೇಕು. ಈ ನಿಯಮ ಕೇಳಿದ ಹುಡುಗ ಏನು ಬೇಡಿಕೊಳ್ಳುತ್ತಾನೆ ಹೇಳಿ? ದೇವರೇ, ಯಾವ ಮುಚ್ಚಳವೂ ಅನ್ನದಿರಲಿ. ದೇವರು ನನ್ನ ಮಾತು ಕೇಳದಿದ್ದಾಗ ನಾನೇ ಅಕ್ಕನ ಬೆನ್ನ ಹಿಂದೆ ಒಂದು ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲ ಮಾಡುತ್ತಿದ್ದೆ. ಆ ಬಾಟಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಿತ್ತು. "ಪಾಪ, ಇದಕ್ಕೆ ಮನೆ ಬಿಟ್ ಓಗಕ್ಕೆ ಇಷ್ಟ ಇಲ್ಲ" ಎಂದು ಅಕ್ಕ ಅದನ್ನು ನನ್ನ ತಟ್ಟೆಯ ಪಕ್ಕ ಇಡುತ್ತಿದ್ದಳು. ನನ್ನಂಥ ಜಾಣ ಇಲ್ಲ ಎಂದುಕೊಳ್ಳುತ್ತಿದ್ದೆ.

ನಮ್ಮ ಎದುರುಮನೆ ನಸೀಮಕ್ಕನದು. ಬಾಗಿಲಲ್ಲೇ ಮಿಷನ್ ಇಟ್ಟುಕೊಂಡು ಇಡೀ ಬೀದಿಯ ಹೆಂಗಸರ ಬ್ಲೌಸ್ ಹೊಲಿಯುತ್ತಾರೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಬೈಯಲು ಎರಡೂ. ಅವರ ಮಗಳು ಆಯಿಷಾ ನಮ್ಮ ಅಂಗಡಿಯ ಬನ್ನಿಗೆ ಅಕ್ಕನ ಜಾಮ್ ಹಚ್ಚಿಸಿಕೊಂಡು ತಿಂದೇ ಬೆಳೆದವಳು. ಹೋದ ವರ್ಷ ಆರ್.ಟಿ. ನಗರದ ಕಡೆಯವರೊಂದಿಗೆ ಅವಳ ಮದುವೆ ಗೊತ್ತಾಯಿತು. ಒಂದು ಬೆಳಿಗ್ಗೆ ನಸೀಮಕ್ಕ ಅಡುಗೆಮನೆಗೇ ಬಂದರು.

"ಜಯಕ್ಕ, ಮಿಠಾಯಿ ಎಲ್ಲಾರೂ ಕೊಡ್ತಾರೆ. ನನ್ ಮಗಳು ಅತ್ತೆ ಮನೆಗೆ ನಿನ್ನ ಜಾಮ್ ತಗೊಂಡು ಹೋಗ್ಬೇಕು. ಅವರೂ ನೋಡ್ಲಿ, ನಮ್ ಬೀದೀಲಿ ಎಂಥ ಕೈ ಐತೆ ಅಂತ."

ಅಕ್ಕ ಅಷ್ಟು ಹಿಗ್ಗಿದ್ದನ್ನು ನಾನು ನೋಡಿರಲಿಲ್ಲ. ಯಲಹಂಕದ ಆಚೆಯ ತೋಟದಿಂದ ನನ್ನ ಕೈಯಲ್ಲೇ ಹಣ್ಣು ತರಿಸಿ, ಗೊಂಚಲು ಗೊಂಚಲು ನೋಡಿ ಆರಿಸಿದಳು. ಬೆಳಿಗ್ಗೆ ಹೊತ್ತಿದ ಒಲೆ ಆರಿದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಬಾಟಲಿಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತಾ ನನ್ನನ್ನು ಕರೆದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಕೆಲವು ವರ್ಷಗಳಿಂದ ಅಕ್ಕನ ಕಿವಿ ಮಂದವಾಗಿದೆ. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ "ಒಳಗೆ ಸೊಳ್ಳೆ ಸಾಕ್ದಂಗಾಯ್ತದೆ" ಎಂದು ಡಬ್ಬಿಯಲ್ಲಿಟ್ಟಳು. ಜಾಮ್ ಮಾತಾಡುವುದು ಅವಳಿಗೀಗ ಕೇಳುವುದಿಲ್ಲ, ತಟ್ಟೆಯ ಮೇಲೆ ತೊಟ್ಟು ಬಿಟ್ಟು ನೋಡುತ್ತಾಳೆ. ಅದಾದರೂ ಸರಿ. ಆದರೆ ಟಕ್?

"ಕಿಟ್ಟಿ, ನನ್ ಕಿವಿ ಕೆಲ್ಸಕ್ಕೆ ಬರಕ್ಕಿಲ್ಲ. ನೀನು ಕುಂತ್ಕೋ. ಅಂದಿದ್ದು ಬಲಕ್ಕೆ ಇಡು, ಅನ್ನದ್ದು ಎಡಕ್ಕೆ ಇಡು. ಒತ್ತಿಗಿತ್ತಿ ನೋಡಕ್ಕೋಗ್ಬೇಡ. ಅದಾಗೇ ಅನ್ಬೇಕು. ಬೆರಳಲ್ಲಿ ಅನ್ನಿಸಿದ್ರೆ ಗಾಳಿ ಒಳಗೇ ಉಳ್ಕಂತದೆ."

ಅಕ್ಕ ಮದುವೆಮನೆಯ ಕೆಲಸಕ್ಕೆಂದು ಎದುರುಮನೆಗೆ ಹೋದಳು. ಮಂಜುಳಾ ಅಂಗಡಿಯಲ್ಲಿದ್ದಳು. ನಾನು ಮಣೆ ಹಾಕಿಕೊಂಡು ಬಾಟಲಿಗಳ ಮುಂದೆ ಕೂತೆ. ಜೀವಮಾನದಲ್ಲಿ ಮೊದಲ ಸಲ ಅಕ್ಕ ತನ್ನ ವಿದ್ಯೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಿದ್ದಳು. ಅವಳ ಕಿವಿಯಾಗಿ ಕೂತಿದ್ದೆ. ಮೊದಲ ಟಕ್ ಕೇಳಿದಾಗ ಮೈ ಜುಂ ಎಂದಿತು. ಅದನ್ನು ಬಲಕ್ಕಿಟ್ಟೆ. ಎರಡನೆಯದಕ್ಕೆ ಬಹಳ ಹೊತ್ತು ಕಾಯಬೇಕಾಯಿತು. ಕಾಯುವುದು ಸುಲಭವಲ್ಲ. ಜೇಬಿನಲ್ಲಿ ಫೋನು, ಫೋನಿನಲ್ಲಿ ಕ್ರಿಕೆಟ್ಟು. ಒಂದು ಓವರ್ ನೋಡೋಣ ಎಂದು ತೆಗೆದೆ. ಮೊದಲು ಸದ್ದಿಲ್ಲದೆ ನೋಡುತ್ತಿದ್ದೆ. ಆಟ ಬಿಗಿಯಾದ ಮೇಲೆ ಸದ್ದು ತಾನಾಗಿ ಏರಿತು.

ಆಟ ಮುಗಿದು ತಲೆಯೆತ್ತಿದಾಗ ಬಾಟಲಿಗಳು ಆರಿದ್ದವು. ಬಹಳಷ್ಟು ಮುಚ್ಚಳಗಳ ನಡುವೆ ತಗ್ಗು ಬಿದ್ದಿತ್ತು. ನಾಲ್ಕು ಇನ್ನೂ ಉಬ್ಬಿಕೊಂಡೇ ಇದ್ದವು. ಆಗಲೂ ಏನೂ ಕೆಟ್ಟಿರಲಿಲ್ಲ ನೋಡಿ. ಆ ನಾಲ್ಕನ್ನು ಎಡಕ್ಕಿಟ್ಟಿದ್ದರೆ ಮುಗಿದಿತ್ತು, ನಾವೇ ಕೂತು ತಿನ್ನುತ್ತಿದ್ದೆವು. ಆದರೆ ಅಕ್ಕ ಇಷ್ಟು ಆಸೆಯಿಂದ ಮಾಡಿದ್ದರಲ್ಲಿ ನಾಲ್ಕು ಕೈಬಿಟ್ಟವು ಎಂದರೆ ಅವಳ ಮುಖ ಬಾಡುತ್ತದೆ. ಹೆಬ್ಬೆರಳು ಹೋಗಿ ಒಂದರ ಮೇಲೆ ಕೂತಿತು. ಟಕ್. ಅದೇ ಸದ್ದು. ಒಂದು ಚೂರೂ ವ್ಯತ್ಯಾಸವಿಲ್ಲ. ಬೆರಳು ತೆಗೆದೆ, ಮುಚ್ಚಳ ತಗ್ಗಿಕೊಂಡೇ ಇತ್ತು. ಎರಡನೆಯದೂ ಹಾಗೆಯೇ, ಮೂರನೆಯದೂ. ನಾಲ್ಕನೆಯದು ಮಾತ್ರ ಮತ್ತೆ ಉಬ್ಬಿತು. ಅದನ್ನು ಎಡಕ್ಕಿಟ್ಟೆ.

ಅಕ್ಕ ಬಂದವಳು ಸಾಲಿನ ಮೇಲೆ ಕಣ್ಣಾಡಿಸಿದಳು.

"ಎಲ್ಲಾ ಅಂದ್ವಾ?"

"ಅಂದ್ವು ಅಕ್ಕ. ಇದೊಂದು ಬಿಟ್ಟು."

ಸುಳ್ಳಿಗೆ ಒಂದು ಚಮಚ ನಿಜ ಬೆರೆಸಿದರೆ ಹೆಪ್ಪು ಚೆನ್ನಾಗಿ ಹಿಡಿಯುತ್ತದೆ. ಅವಳು ಎಡಗಡೆಯ ಬಾಟಲಿ ನೋಡಿ, ನನ್ನ ತಲೆ ಸವರಿ, "ನಿನ್ ಕಿವಿ ಪಾಸಾಯ್ತು ಬಿಡು, ಏಳ್ನೇ ಕ್ಲಾಸ್ ಫೇಲಾದ್ರೆ ಓಗ್ಲಿ" ಎಂದಳು. ವಿಮಾನದ ಸದ್ದಿನಲ್ಲಿ ಕೆಲವು ಕೇಳಿಸಲಿಲ್ಲ ಎಂದಾದರೂ ಹೇಳಬಹುದಿತ್ತು. ಅದೂ ಹೇಳಲಿಲ್ಲ.

ಆಯಿಷಾಳ ಮದುವೆ ಚೆನ್ನಾಗಿ ಆಯಿತು. ಜಾಮ್ ಬಾಟಲಿಗಳು ಬಣ್ಣದ ಕಾಗದ ಸುತ್ತಿಕೊಂಡು ಅವಳೊಂದಿಗೆ ಹೋದವು. ಮಳೆಗಾಲ ಹಿಡಿದ ಮೇಲೆ ತವರಿಗೆ ಬಂದಿದ್ದ ಹುಡುಗಿ ಅಂಗಡಿಗೆ ಬಂದು ಮಂಜುಳಾಳ ಹತ್ತಿರ ಮೆಲ್ಲಗೆ ಹೇಳಿದಳಂತೆ. ಅತ್ತೆ ಮನೆಗೆ ಯಾರೋ ದೊಡ್ಡವರು ಬಂದಾಗ, ಸೊಸೆಯ ಕಡೆಯ ಜಾಮ್ ಎಂದು ಹೆಮ್ಮೆಯಿಂದ ಬಾಟಲಿ ತೆಗೆದರೆ ಮೇಲೆ ಬೂಷ್ಟು. ಅತ್ತೆ ಬೈಯಲಿಲ್ಲ, ನಕ್ಕರು. "ನಿಮ್ಮಮ್ಮನ ಬೀದಿಯ ಕೈ ಇದೇನಾ?" ಎಂದು ಕೇಳಿ ನಕ್ಕರು. ಬೈದಿದ್ದರೆ ವಾಸಿಯಿತ್ತು. ಇದನ್ನೆಲ್ಲ ನಸೀಮಕ್ಕ ನಮ್ಮ ಮುಂದೆ ಎತ್ತಲೇ ಇಲ್ಲ. ಜಾಮ್ ಎಂಬ ಮಾತನ್ನೇ ಅವರು ಬಿಟ್ಟುಬಿಟ್ಟಿದ್ದರು.

ಮಂಜುಳಾ ನನಗೆ ಹೇಳಿದ್ದು ಅಡುಗೆಮನೆಯಲ್ಲಿ. ಅಕ್ಕ ಅಲ್ಲೇ ಸೊಪ್ಪು ಬಿಡಿಸುತ್ತಿದ್ದಳು. ಮಂದ ಕಿವಿಗೆ ಕೇಳಬೇಕಾದ್ದು ಕೇಳುವುದಿಲ್ಲ, ಕೇಳಬಾರದ್ದು ಕೇಳುತ್ತದೆ. ಅವಳು ಸೊಪ್ಪನ್ನು ಹಾಗೇ ಬಿಟ್ಟು ಎದ್ದಳು. ನೆಂಟರಿಗೆ, ಬೀದಿಯವರಿಗೆ ಎಂದು ಉಳಿಸಿದ್ದ ಬಾಟಲಿಗಳನ್ನು ಒಂದೊಂದಾಗಿ ತೆಗೆದಳು. ಎಲ್ಲವೂ ಚೆನ್ನಾಗಿದ್ದವು, ಒಂದರ ಮೇಲೆ ಮಾತ್ರ ಬಿಳಿಯ ಪೊರೆ. ನಾನು ಒತ್ತಿದ ಮೂರರಲ್ಲಿ ಒಂದು ನಮ್ಮ ಗೂಡಿನಲ್ಲೇ ಉಳಿದಿತ್ತು. ಅವಳು ಚೆನ್ನಾಗಿದ್ದದ್ದನ್ನೂ ಸೇರಿಸಿ ಎಲ್ಲವನ್ನೂ ಸುರಿದಳು. ದಪ್ಪ ತಳದ ತಪ್ಪಲೆಯನ್ನು ತೊಳೆದು, ಒರೆಸಿ, ಅಟ್ಟಕ್ಕೆ ಹಾಕುವಂತೆ ನನ್ನ ಕೈಗೆ ಕೊಟ್ಟಳು.

"ಕೈ ಕೆಟ್ಟೋಯ್ತು ಕಣೋ. ವಯಸ್ಸಾಯ್ತಲ್ಲ, ಎಲ್ಲೋ ಎಚ್ಚುಕಮ್ಮಿ ಮಾಡಿದೀನಿ."

ಆ ತಪ್ಪಲೆಯನ್ನು ಅಟ್ಟಕ್ಕೆ ಏರಿಸಿದವನು ನಾನೇ. ಅಷ್ಟು ಭಾರದ ಪಾತ್ರೆಯನ್ನು ನಾನು ಇನ್ನೊಮ್ಮೆ ಎತ್ತಿಲ್ಲ. ಏಣಿಯ ಮೇಲೆ ನಿಂತು, ಈಗ ಹೇಳೋಣ ಎಂದುಕೊಂಡೆ. ಇಳಿದ ಮೇಲೆ ಹೇಳೋಣ ಎಂದುಕೊಂಡೆ. ಇಳಿದೆ, ಏಣಿಯನ್ನು ಅದರ ಜಾಗಕ್ಕಿಟ್ಟೆ, ಅಂಗಡಿಗೆ ಹೋದೆ.

ಜಾಮ್ ಒಂದನ್ನು ಬಿಟ್ಟಿದ್ದರೆ ಸಹಿಸಿಕೊಳ್ಳಬಹುದಿತ್ತೇನೋ. ಕೈಗುಣ ಹೋಯಿತು ಎಂಬ ಅಳುಕು ಒಂದೇ ಕೋಣೆಯಲ್ಲಿ ನಿಲ್ಲುವ ಬೆಂಕಿಯಲ್ಲ. ಅಕ್ಕ ಉಪ್ಪಿನಕಾಯಿ ಬೆರೆಸುವುದನ್ನು ಬಿಟ್ಟಳು. ಸಾರಿನಪುಡಿಗೆ ಹುರಿಯುವುದನ್ನು ಬಿಟ್ಟಳು. ಹಾಲಿಗೆ ಹೆಪ್ಪು ಹಾಕು ಎಂದರೂ "ನೀನೇ ಆಕು ಮಂಜುಳಾ, ನನ್ ಕೈ ಬ್ಯಾಡ" ಎನ್ನುವಳು. ಬೀದಿಯ ಹೆಂಗಸರು ಹಪ್ಪಳದ ಹಿಟ್ಟು ಕಲಸಲು ಮೊದಲ ಹಿಡಿ ಹಾಕು ಬಾ ಎಂದು ಕರೆದರೆ ಕಿವಿ ಕೇಳದವಳ ಹಾಗೆ ಕೂತಿರುತ್ತಿದ್ದಳು. ನಾನು ಅಂಗಡಿಯಲ್ಲಿ ಕೂತು ಮುಚ್ಚಳ ಒತ್ತುತ್ತಿದ್ದೆ. ಆ ಚಾಳಿ ಅಂಟಿಕೊಂಡದ್ದು ಆಗಲೇ.

ಈ ವರ್ಷದ ಯುಗಾದಿ ಬಂತು. ಬೇವು ಬೆಲ್ಲ ಬೆರೆಸುವುದು ನಮ್ಮಮ್ಮ ಹೋದ ಮೇಲೆ ಅಕ್ಕನ ಕೈಯೇ. ಪೂಜೆ ಮುಗಿಯಿತು. ಮಂಜುಳಾ ಬಟ್ಟಲು ತಂದು ಮುಂದಿಟ್ಟಳು. ಅಕ್ಕ ಎರಡು ಕೈಯನ್ನೂ ಸೆರಗಿನೊಳಗೆ ಸೇರಿಸಿಕೊಂಡು, "ನೀನೇ ಕಲಸಮ್ಮ. ವರ್ಸದ ಮೊದ್ಲ ದಿನ, ನನ್ ಕೈಯಿಂದ ಬ್ಯಾಡ" ಎಂದಳು.

ನನಗೆ ತಡೆಯಲಾಗಲಿಲ್ಲ. "ಅಕ್ಕ, ನಿನ್ ಕೈ ಕೆಟ್ಟಿಲ್ಲ" ಎಂದೆ.

"ಆಂ?"

"ನಿನ್ ಕೈ ಕೆಟ್ಟಿಲ್ಲ."

"ಒಸಿ ಜೋರಾಗಿ ಏಳೋ. ಗೊಣಗ್ಬೇಡ."

ಕಿವಿ ಮಂದವಾದವರ ಮುಂದೆ ತಪ್ಪನ್ನು ಮೆಲ್ಲಗೆ ಒಪ್ಪಿಕೊಳ್ಳುವ ಅನುಕೂಲವಿಲ್ಲ. ಒಂದು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ನಾನು ಸಂತೆಯಲ್ಲಿ ಸೊಪ್ಪು ಮಾರುವವನ ಹಾಗೆ ಕೂಗಿ ಹೇಳಬೇಕಾಯಿತು.

"ಮುಚ್ಚಳ ಟಕ್ ಅಂದಿರ್ಲಿಲ್ಲ ಅಕ್ಕ! ನಾನು ಒತ್ತಿದ್ದು! ಕ್ರಿಕೆಟ್ ನೋಡ್ತಾ ಕೂತಿದ್ದೆ! ಆಯಿಷಾ ತಗೊಂಡು ಹೋಗಿದ್ದರಲ್ಲಿ ನಾನು ಒತ್ತಿದ್ದು ಸೇರ್ಕೊಂಡಿತ್ತು! ನಿನ್ ಜಾಮ್ ಸರಿಯಾಗೇ ಇತ್ತು!"

ಬಾಗಿಲು ತೆರೆದಿತ್ತು. ಎದುರುಮನೆಯ ಹೊಲಿಗೆ ಮಿಷನ್ನಿನ ಸದ್ದು ತಟ್ಟನೆ ನಿಂತಿತು.

ಅಕ್ಕ ಸೆರಗಿನೊಳಗಿಂದ ಕೈ ತೆಗೆದು ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಯಾರೋ ಬಹಳ ದಿನ ಇಟ್ಟುಕೊಂಡಿದ್ದು ಈಗ ವಾಪಸು ಕೊಟ್ಟ ವಸ್ತುವಿನ ಹಾಗೆ.

"ಒಂದ್ ವರ್ಸ ಈ ಕೈನ ನಾನೇ ಬೈಕಂಡಿದೀನಲ್ಲೋ ಕಿಟ್ಟಿ" ಎಂದಳು.

 

ಅಷ್ಟರಲ್ಲಿ ನಸೀಮಕ್ಕ ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ನಮ್ಮ ಬಾಗಿಲಿಗೆ ಬಂದು ನಿಂತಿದ್ದರು. "ಅಯ್ಯೋ ಮಹಾನುಭಾವ! ನನ್ ಮಗಳ ಅತ್ತೆ ಮುಂದೆ ನಾನು ತಲೆ ತಗ್ಗಿಸಿದ್ದು ನಿನ್ನ ಮ್ಯಾಚಿಗಾ? ಗೆದ್ರಾ ಕೊನೆಗೆ?"

"ಸೋತ್ರು" ಎಂದೆ.

"ಒಳ್ಳೇದಾಯ್ತು!"

ಅಕ್ಕ ಬಟ್ಟಲನ್ನು ಎಳೆದುಕೊಂಡು ಬೇವು ಬೆಲ್ಲ ಕಲಸಿದಳು. ಮಂಜುಳಾಗೆ ಕೊಟ್ಟಳು, ನಸೀಮಕ್ಕನ ಅಂಗೈಗೆ ಹಾಕಿದಳು. ನನ್ನ ಪಾಲಿಗೆ ಬಂದದ್ದರಲ್ಲಿ ನಾನು ಬೆಲ್ಲವನ್ನು ಹುಡುಕಬೇಕಾಯಿತು.

ಆಮೇಲೆ ಕೆಲವು ದಿನ ಅಕ್ಕ ನನ್ನೊಂದಿಗೆ ಮಾತಾಡಲಿಲ್ಲ. ಪಕ್ಕದಲ್ಲೇ ಕೂತಿದ್ದರೂ ಮಾತೆಲ್ಲ ಮಂಜುಳಾ ಮೂಲಕ. "ಮಂಜುಳಾ, ನಿನ್ ಗಂಡನ್ಗೆ ಇನ್ನೊಂದು ಮುದ್ದೆ ಬೇಕಾ ಕೇಳು." "ಬೇಡವಂತೆ." "ಬ್ಯಾಡ ಅಂದ್ರೆ ತಟ್ಟೆ ಎತ್ತಕ್ಕೇಳು." ನಾನು ಎತ್ತುತ್ತಿದ್ದೆ. ನನಗದು ಹೆಚ್ಚೇನೂ ಅನ್ನಿಸಲಿಲ್ಲ. ಅವಳು ಹೆಪ್ಪು ಹಾಕಲು ಶುರುಮಾಡಿದ್ದಳು. ಅಷ್ಟು ಗಟ್ಟಿ ಮೊಸರು ತಿಂದು ವರ್ಷವಾಗಿತ್ತು.

ದ್ರಾಕ್ಷಿ ಇನ್ನೇನು ಮುಗಿಯುತ್ತದೆ ಎನ್ನುವಾಗ ಒಂದು ಸಂಜೆ ಆ ಮಾತು ಬಂತು. "ಮಂಜುಳಾ, ನಿನ್ ಗಂಡನ್ಗೆ ಏಳು, ಅಟ್ಟದ ಮೇಲಿಂದ ತಪ್ಲೆ ಇಳಿಸ್ಲಿ. ಎಂಗೂ ಏರ್ಸಿದ್ದು ಅವ್ನೇ ಅಲ್ವಾ."

ಇಳಿಸುವಾಗ ಅದು ಹಗುರವಿತ್ತು.

ಮತ್ತೆ ಹಣ್ಣು, ಮತ್ತೆ ನೀಲಿ ಬೆರಳು. ನೊರೆಯ ಬಟ್ಟಲು ಈ ಸಲ ಮಂಜುಳಾಳ ಮುಂದೆ ಹೋಯಿತು, ಅವಳು ನನ್ನನ್ನೇ ನೋಡುತ್ತಾ ಚಪ್ಪರಿಸಿ ತಿಂದಳು. ಬಾಟಲಿಗಳು ಟವೆಲ್ಲಿನ ಮೇಲೆ ನಿಂತವು. ಅಕ್ಕ ನನ್ನ ಜೇಬಿಗೆ ಕೈ ಹಾಕಿ ಫೋನು ತೆಗೆದು ಅಕ್ಕಿ ಡಬ್ಬಿಯೊಳಗೆ ಹೂತಳು. ಮಣೆ ತಂದು ನನ್ನ ಕಡೆ ತಳ್ಳಿದಳು. ಇನ್ನು ಆ ಕೆಲಸ ನನಗೆ ಕೊಡುವುದಿಲ್ಲ ಎಂದುಕೊಂಡಿದ್ದೆ.

"ಏನ್ ನೋಡ್ತೀಯಾ? ಕುಂತ್ಕೋ. ನಂಗೇನು ಇವತ್ತು ಕಿವಿ ಬಂತಾ?" ನೇರವಾಗಿ ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಆಮೇಲೆ ಅಂದಳು: "ಚಿಕ್ಕೋನಿದ್ದಾಗ ಮುಚ್ಚಳ ಸಡ್ಲ ಮಾಡ್ತಿದ್ದೆ. ದೊಡ್ಡೋನಾದ್ಮೇಲೆ ಒತ್ದೆ. ಒಟ್ನಲ್ಲಿ ನಿನ್ ಕೈ ಸುಮ್ಕಿರಕ್ಕಿಲ್ಲ."

ಸಡಿಲ ಮಾಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು! ಗೊತ್ತಿದ್ದೂ ಬಾಟಲಿಯನ್ನು ನನ್ನ ತಟ್ಟೆಯ ಪಕ್ಕ ಇಡುತ್ತಿದ್ದಳು.

ನಸೀಮಕ್ಕನೂ ಬಂದು ಹೊಸ್ತಿಲಲ್ಲಿ ಕೂತರು. ಯಾರೂ ಮಾತಾಡಲಿಲ್ಲ. ಟಕ್. ನಾನು ಕೈಯೆತ್ತಿ ಅಕ್ಕನಿಗೆ ತೋರಿಸಿ ಬಲಕ್ಕಿಟ್ಟೆ. ಟಕ್. ಮತ್ತೊಂದು. ವಿಮಾನ ಬಂತು, ಅಕ್ಕನಿಗೆ ಕೇಳಿಸದ್ದರಿಂದ ಈ ಸಲ ಆಕಾಶಕ್ಕೆ ಕೈ ತೋರಿಸಿದವನು ನಾನು. ಎಲ್ಲವೂ ಅಂದವು, ಒಂದು ಮಾತ್ರ ಉಬ್ಬಿಕೊಂಡೇ ಉಳಿಯಿತು. ಕಾದೆವು. ಬಾಟಲಿ ತಣ್ಣಗಾಯಿತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದೆ.

"ಒತ್ತು ಕಿಟ್ಟಿ, ಯಾರೂ ನೋಡ್ತಿಲ್ಲ" ಎಂದರು ನಸೀಮಕ್ಕ.

"ಅಕ್ಕಾ, ಇದೊಂದು ಅನ್ನಲಿಲ್ಲ!" ಎಂದು ಕೂಗಿದೆ.

"ಅನ್ನದಿದ್ರೆ ಬಿಡು, ಮನೆಗೆ ಇಡು" ಎಂದು ಅಕ್ಕ ತಪ್ಪಲೆ ತೊಳೆಯಲು ತಿರುಗಿದಳು.

ನಾನು ಅದನ್ನು ಎಡಕ್ಕಿಡುವಷ್ಟರಲ್ಲಿ ನಸೀಮಕ್ಕ ಎದ್ದು ಬಂದು ಕೈಯಿಂದ ತೆಗೆದುಕೊಂಡರು. "ಟಕ್ ಅಂದಿದ್ದೆಲ್ಲ ಆಯಿಷಾ ಅತ್ತೆ ಮನೆಗೆ ಕಳ್ಸೋಣ. ಅನ್ನದ್ದು ನಂಗೆ" ಎಂದು ದುಪಟ್ಟಾದೊಳಗೆ ಇಟ್ಟುಕೊಂಡು ಬೀದಿ ದಾಟಿದರು.

ಅಕ್ಕ ನಲ್ಲಿ ನಿಲ್ಲಿಸಿ ಕೇಳಿದಳು: "ಏನಂದ್ಲೋ ಅವ್ಳು?"

"ಅನ್ನದ್ದು ಅವರಿಗೇ ಇರ್ಲಂತೆ!"

ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಹೋಗಿ, ಎದುರುಮನೆಗೆ ಕೇಳುವ ಹಾಗೆ ಕೂಗಿದಳು:

"ನಸೀಮಾ! ಇಡ್ಬ್ಯಾಡ ಕಣೇ, ಇವತ್ತೇ ತೆಗೆದು ತಿನ್ನು. ಅದು ಮನೇದು!"